ಕತ್ತರಿ ಹಾಕಿದ ದಡಿ

ನನ್ನ ಮಗಳಿಗೆ ನಾಲ್ಕು ತುಂಬಿದ ವರ್ಷ ಆಕೆಯ ಸೊಂಟಕ್ಕೆ ಹಗ್ಗ ಕಟ್ಟಿದವನು ನಾನೇ. ಆ ತಪ್ಪನ್ನು ಬೇರೆ ಯಾರ ಮೇಲೂ ಹಾಕುವುದಿಲ್ಲ. ಹಗ್ಗವನ್ನು ಹೊಸೆದವನೂ ನಾನೇ. ಮಗ್ಗದ ಕೆಳಗೆ ಬಿದ್ದ ತುಂಡು ಎಳೆಗಳನ್ನು ಆರಿಸಿ, ಕೂಸಿನ ಮೈಗೆ ಒತ್ತಬಾರದೆಂದು ಮೆತ್ತಗೆ ಹೊಸೆದಿದ್ದೆ. ಇಷ್ಟು ಮೆತ್ತನೆಯ ಹಗ್ಗ ಇಳಕಲ್ಲಿನಲ್ಲಿ ಇನ್ನೊಬ್ಬನ ಕೈಯಿಂದ ಆಗಲಿಕ್ಕಿಲ್ಲ ಎಂದು ಆ ಹೊತ್ತಿನಲ್ಲೂ ಅನ್ನಿಸಿತ್ತು.

ಆಕೆ ಮಾತಾಡುತ್ತಿರಲಿಲ್ಲ. ಕಿವಿ ಚೆನ್ನಾಗಿ ಕೇಳುತ್ತಿತ್ತು. ಓಣಿಯ ತುದಿಯಲ್ಲಿ ಎತ್ತಿನ ಗಂಟೆ ಅಲುಗಿದರೂ ತಿರುಗಿ ನೋಡುವಳು. ಆದರೆ ಬಾಯಿಂದ ‘ಅವ್ವಾ’ ಅನ್ನುವ ಒಂದು ಮಾತೂ ಬಂದಿರಲಿಲ್ಲ. ಬೇಕಾದ್ದು ಸಿಗದಿದ್ದರೆ ನೆಲಕ್ಕೆ ಬಿದ್ದು ಹೊರಳುವಳು, ತನ್ನ ಕೈ ತಾನೇ ಕಡಿದುಕೊಳ್ಳುವಳು. ಏನು ಬೇಕೆಂದು ನಮಗೆ ತಿಳಿಯದು, ತಿಳಿಸಲು ಆಕೆಗೆ ಬಾರದು. ಹೀಗೇ ನಾಲ್ಕು ವರ್ಷ ನಡೆದಿತ್ತು.

ಹಗ್ಗ ಬಂದದ್ದು ಒಂದು ಮುಂಜಾನೆಯಿಂದ. ಅಂದು ಓಣಿಯಲ್ಲಿ ಹಾಸು ಚಾಚಿದ್ದೆವು. ಸೀರೆಯ ಉದ್ದದ ಎಳೆಗಳನ್ನೆಲ್ಲ ಓಣಿಯ ಈ ತುದಿಯಿಂದ ಆ ತುದಿಗೆ ಬಿಗಿದು, ಗಂಜಿ ಹಚ್ಚಿ, ಬಿಸಿಲಿಗೆ ಒಣಗಿಸುವ ಕೆಲಸ ಅದು. ಗಂಜಿ ಒಣಗುವ ಮೊದಲೇ ಎಳೆ ಎಳೆ ಬಿಡಿಸಬೇಕು. ಮನೆಯ ಮಂದಿಯೆಲ್ಲ ಅದರ ಹಿಂದೆ ಇರುತ್ತೇವೆ, ಕೂಸಿನ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಬಿಸಿಲು ಏರಿದ ಹೊತ್ತಿಗೆ ಆಕೆ ಮನೆಯಿಂದ ಹೊರಗೆ ಬಿದ್ದು ನೇರ ಹಾಸಿನೊಳಗೆ ನುಗ್ಗಿದಳು. ಎಳೆಗಳು ಪಟಪಟ ಹರಿದವು. ನಾವು ಎಳೆ ಹಿಡಿಯುವುದೋ ಕೂಸು ಹಿಡಿಯುವುದೋ ಅನ್ನುವಷ್ಟರಲ್ಲಿ ಆಕೆ ಆಚೆ ದಾಟಿ ಬಾವಿಯ ಕಟ್ಟೆ ಏರಿದ್ದಳು. ನನ್ನ ಅಣ್ಣ ಗಂಜಿಯ ಕುಂಚ ಎಸೆದು ಓಡಿ, ಆಕೆಯ ರಟ್ಟೆ ಹಿಡಿದು ಎಳೆದ. ಇನ್ನೊಂದು ಹೆಜ್ಜೆ ಹೋಗಿದ್ದರೆ ನಾನಿಂದು ಇದನ್ನು ಹೇಳುತ್ತಿರಲಿಲ್ಲ.

ಅಪ್ಪ ತೀರಿದ ಮೇಲೆ ಅಣ್ಣನೇ ಮನೆಯ ಯಜಮಾನ. ಅವನ ಮಾತು ಮೀರುವ ರೂಢಿ ನಮ್ಮಲ್ಲಿ ಇರಲಿಲ್ಲ. ಕೂಸನ್ನು ತಂದು ನನ್ನ ಮುಂದೆ ನಿಲ್ಲಿಸಿದ.

“ಲೇ ತಮ್ಮಾ, ಇದಕ್ಕ ತಿಳುವಳಿಕಿ ಇಲ್ಲ. ಕರುವಿಗೆ ಹಗ್ಗ ಹಾಕೂದಿಲ್ಲೇನು? ಹಂಗ ಕಟ್ಟಿ ಹಾಕು. ಜೀವರ ಉಳೀತೈತಿ.”

“ಎಲ್ಲೀತನಾ ಅಣ್ಣಾ?”

“ತಿಳುವಳಿಕಿ ಬರೂತನಾ.”

“ಬರದಿದ್ರ?”

ಅವನು ಹರಿದ ಎಳೆಗಳನ್ನು ಗಂಟು ಹಾಕಲು ಕೂತ. ನಾನು ಪಡಸಾಲೆಯ ಕಂಬಕ್ಕೆ ಹಗ್ಗ ಬಿಗಿದೆ.

ನಾನು ಕನ್ನಡ ಸಾಲಿಯ ಎರಡನೇ ಇಯತ್ತೆಗೇ ಪಾಟಿ ಕೆಳಗಿಟ್ಟವನು. ಅಪ್ಪನ ಕಣ್ಣು ಮಂಜಾಯಿತು, ನೇಕಾರ ಕಾಲಿಳಿಸಿ ಕೂರುವ ಮಗ್ಗದ ಕುಣಿ ಖಾಲಿ ಬಿತ್ತು, ನಾನು ಕುಣಿಗೆ ಇಳಿದೆ. ತುಳಿಯುವ ಮೆಟ್ಟಿಗೆಗೆ ಕಾಲು ಎಟುಕದೆ ಅದರ ಮೇಲೆ ಕಲ್ಲು ಕಟ್ಟಿಕೊಂಡು ನೇಯ್ದೆ. ಇಪ್ಪತ್ತು ತುಂಬುವುದರೊಳಗೆ ನನ್ನ ದಡಿ ನೋಡಿ ‘ಇದು ಅವನ ಕೈಯದು’ ಎಂದು ಊರವರು ಗುರುತಿಸುವಂತಾಯಿತು. ಸೀರೆಯ ಅಂಚಿಗೆ ನಾವು ದಡಿ ಅನ್ನುತ್ತೇವೆ. ಊರಿಗೆಲ್ಲ ದಡಿ ನೇಯುವ ನನಗೆ ನನ್ನ ಕೂಸಿನ ಒಂದು ಬೇಡಿಕೆ ತಿಳಿಯುತ್ತಿರಲಿಲ್ಲ. ಮಗ್ಗದ ಮುಂದೆ ಕೂತಾಗ ಆ ಕಂಬ ಸರಿಯಾಗಿ ನನ್ನ ಎಡಕ್ಕೆ ಬರುತ್ತಿತ್ತು. ಲಾಳಿ ಎಡಕ್ಕೆ ಹೋದಾಗಲೆಲ್ಲ ಕಣ್ಣೂ ಹೋಗುವುದು.

ಹಗ್ಗ ಹಾಕಿ ಒಂದು ತಿಂಗಳಾಗಿರಬೇಕು. ನನ್ನ ಹೆಂಡತಿ ಕಂಬದ ಹತ್ತಿರ ಕೂತು ಜೋಳ ಹಸನು ಮಾಡುತ್ತಿದ್ದಳು. ಆಕೆಯ ಸೀರೆಯ ಸೆರಗಿನ ತುಂಬ ಕಸೂತಿ. ಗೋಪುರ, ಆನೆ, ತುಳಸಿಕಟ್ಟೆ, ತೊಟ್ಟಿಲು, ಎಲ್ಲ ಆಕೆ ಲಗ್ನಕ್ಕೆ ಮುಂಚೆ ತೌರಿನಲ್ಲಿ ಸೂಜಿಯಿಂದ ತೆಗೆದದ್ದು. ಕೂಸು ಆ ಸೆರಗನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡು, ತೊಟ್ಟಿಲಿನ ಮೇಲೆ ಬೆರಳಿಟ್ಟು, ಪಕ್ಕದ ಮನೆಯ ಗೋಡೆಯ ಕಡೆ ನೋಡಿತು. ಮತ್ತೆ ತೊಟ್ಟಿಲು. ಮತ್ತೆ ಗೋಡೆ.

ಹೆಂಡತಿ ಮೊರ ಕೆಳಗಿಟ್ಟಳು. “ಇದು ಬೂಬಮ್ಮನ ಮನಿಗೆ ಹೋಗ್ಬೇಕು ಅಂತೈತ್ರಿ.”

“ಯಾರು ಹೇಳಿದ್ರು ನಿನಗ?”

“ಅಕೀನ ಹೇಳಿದ್ಳು.”

ಪಕ್ಕದವರು ನೂಲಿಗೆ ಬಣ್ಣ ಹಾಕುವ ಮುಸಲ್ಮಾನರು. ನಮ್ಮಜ್ಜನ ಕಾಲದಿಂದ ನಮ್ಮ ನೂಲು ಅವರ ಹಂಡೆಯಲ್ಲೇ ಮುಳುಗಿ ಬಂದದ್ದು. ಆ ಮನೆಯ ಹಿರಿಯಳನ್ನು ಓಣಿಯೆಲ್ಲ ಬೂಬಮ್ಮ ಎಂದೇ ಕರೆಯುತ್ತಿತ್ತು. ಆಕೆಗೆ ಹೊಸದಾಗಿ ಮೊಮ್ಮಗ ಹುಟ್ಟಿ ತೊಟ್ಟಿಲು ಕಟ್ಟಿದ್ದರು. ಹೆಂಡತಿ ಹಗ್ಗ ಬಿಚ್ಚಿ ಮಗಳನ್ನು ಕರೆದೊಯ್ದಳು. ನಾನೂ ಹಿಂದೆ ಹೋದೆ. ಕೂಸು ನೇರ ಹೋಗಿ ತೊಟ್ಟಿಲ ಹಗ್ಗ ಹಿಡಿದು ತೂಗತೊಡಗಿತು. ಅಳು ಇಲ್ಲ, ಕಡಿತ ಇಲ್ಲ. ಬೂಬಮ್ಮ ಬಣ್ಣ ಹತ್ತಿದ ಕೈ ಒರೆಸಿಕೊಳ್ಳುತ್ತ ನೋಡಿ, “ನೋಡ್ವಾ, ನಿನ್ನ ಮಗಳ ನಾಲಿಗಿ ಬಾಯಾಗಿಲ್ಲ, ಬೆರಳಿನಾಗೈತಿ,” ಅಂದಳು.

ಮನೆಗೆ ಬರುವ ದಾರಿಯಲ್ಲೇ ನಾನು ಎದೆ ಉಬ್ಬಿಸಿದೆ. “ಚಿತ್ರದಾಗ ಮಾತಾಡ್ತಾಳಂದ್ರ ಚಿಂತಿ ಯಾಕ? ಅಕಿಗೆ ಬೇಕಾದ್ದೆಲ್ಲಾ ನಾ ನೇಯ್ದು ಕೊಡ್ತೇನಿ.”

“ನಾ ಸೂಜೀಲೆ ತಗದ್ರ ನಾಳಿಗೆ ಆಗ್ತೈತ್ರಿ.”

“ನೇಕಾರನ ಮಗಳಿಗೆ ಸೂಜಿ ಕೆಲಸ ಯಾಕ? ಮಗ್ಗದ ಮ್ಯಾಲ ಬಂದ್ರ ಅದು ಮಾತು.”

ಆಕೆ ನಕ್ಕು ಮುಂದೆ ನಡೆದಳು.

ದಿನದ ಸೀರೆಗೆ ಕೂರುವ ಮುಂಚೆ, ನಸುಕಿನಲ್ಲಿ ಎದ್ದು, ಮೂಲೆಯ ಸಣ್ಣ ಮಗ್ಗದಲ್ಲಿ ನಾಲ್ಕು ಬೆರಳಗಲದ ಪಟ್ಟಿ ಹೂಡಿದೆ. ಮೊದಲು ನೀರಿನ ಕೊಡ. ಕೊಡದ ಹೊಟ್ಟೆ ದುಂಡಗೆ ಬರಬೇಕು. ಎಳೆಯ ಲೆಕ್ಕದಲ್ಲಿ ದುಂಡು ಎಂಬುದಿಲ್ಲ, ಎಲ್ಲ ಮೆಟ್ಟಿಲು ಮೆಟ್ಟಿಲು. ಮೂರು ಸಲ ಬಿಚ್ಚಿ ನೇಯ್ದೆ. ಕೊಡ ಬಂತು. ಕೊಡದ ಪಕ್ಕ ಕೊಡ, ಅದರ ಪಕ್ಕ ಇನ್ನೊಂದು, ಹೀಗೆ ಹನ್ನೆರಡು ಕೊಡ ಸಾಲಾಗಿ. ಆಮೇಲೆ ರೊಟ್ಟಿಯ ಸಾಲು. ಆಮೇಲೆ ಬೆಲ್ಲದ ಅಚ್ಚಿನ ಸಾಲು, ತೊಟ್ಟಿಲಿನ ಸಾಲು. ಒಂದು ಚಿತ್ರ ಒಂದೇ ಸಲ ಬಂದು ನಿಲ್ಲುವುದು ಎಂಬುದೇ ನನ್ನ ಕೈಗೆ ಗೊತ್ತಿರಲಿಲ್ಲ. ದಡಿ ಎಂದರೆ ಸಾಲು. ಒಂದೇ ಕೊಡ ನೇಯ್ದು ಬಿಟ್ಟರೆ ನೋಡಿದವರು ‘ಇವನಿಗೆ ನೂಲು ಮುಗೀತೇನು’ ಅಂದಾರು.

ಅಣ್ಣ ಬಂದು ಪಟ್ಟಿಯನ್ನು ಬೆರಳಲ್ಲಿ ತೀಡಿ ನೋಡಿದ. “ಭಾಳ ಛಲೋ ಬಂದೈತಲೇ. ಯಾವ ಸೀರಿಗಿದು?”

“ಸೀರಿಗಲ್ಲ ಅಣ್ಣಾ, ಕೂಸಿಗೆ.”

“ಏನು, ಕೂಸಿಗೆ ದಡಿ ಹಚ್ಚಾಂವೇನು?” ಅಂತ ನಗುತ್ತ ಹೋದ.

ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಹಿಂದಿನ ದಿನವೇ ಪಟ್ಟಿಯನ್ನು ಮಗ್ಗದಿಂದ ಇಳಿಸಿ ಆ ದಿನಕ್ಕೆ ಕಾದಿದ್ದೆ. ಊಟವಾದ ಮೇಲೆ ಮಗಳ ಮುಂದೆ ಹಾಸಿದೆ. ಆಕೆ ಈ ತುದಿಯಿಂದ ಆ ತುದಿಗೆ ಬೆರಳು ಎಳೆದಳು. ನಂತರ ತಲೆಗೆ ಸುತ್ತಿಕೊಂಡು ನಕ್ಕಳು. ನಾನು ಬಿಚ್ಚಿ ಮತ್ತೆ ಹಾಸಿ ಕೊಡದ ಮೇಲೆ ಬೆರಳಿಟ್ಟೆ.

“ಇದೇನು? ತೋರ್ಸು. ಇದೇನು?”

ಮುಖ ತಿರುಗಿಸಿದಳು. ಗದ್ದ ಹಿಡಿದು ಈ ಕಡೆ ತಿರುಗಿಸಿದೆ. “ಇದೇನು ಅಂದೆ!” ನನ್ನ ದನಿ ನನ್ನ ಮಾಸ್ತರರ ದನಿಯಂತೆಯೇ ಕೇಳಿಸಿತು. ಕೂಸು ನೆಲಕ್ಕೆ ಬಿದ್ದು ಹೊರಳಿತು, ಕೈ ಕಡಿದುಕೊಂಡಿತು. ನಾನು ಪಟ್ಟಿ ಎತ್ತಿ ಮೂಲೆಗೆ ಒಗೆದು, “ಅಣ್ಣ ಅಂದದ್ದ ಖರೆ. ತಿಳುವಳಿಕಿ ಇಲ್ಲ ಇದಕ್ಕ,” ಅಂದುಬಿಟ್ಟೆ.

ಹೆಂಡತಿ ಕೂಸನ್ನು ಎತ್ತಿಕೊಂಡು ಸಮಾಧಾನ ಮಾಡಿದಳು. ಆಮೇಲೆ ಮೂಲೆಯಿಂದ ಪಟ್ಟಿ ತಂದು ನನ್ನ ಮುಂದಿಟ್ಟಳು.

“ನೀವು ಬಾಗಲಕೋಟಿಗೆ ನೂಲು ತರಾಕ ಹೋದಾಗ ಸಾವಕಾರ್ರಿಗೆ ಏನು ತೋರಿಸ್ತೀರಿ?”

ಆಗ ರೈಲಿನಲ್ಲಿ ಬರುವ ಗಿರಣಿ ನೂಲಿನ ಗಂಟಿನ ಮೇಲೆ ಬಣ್ಣದ ಚಿತ್ರದ ಚೀಟಿ ಅಂಟಿಸಿರುತ್ತಿದ್ದರು. ಒಂದಕ್ಕೆ ನವಿಲು, ಒಂದಕ್ಕೆ ಆನೆ. ಅಕ್ಷರ ಬಾರದ ನೇಕಾರರೂ ಬೇಕಾದ ನೂಲಿನ ಚೀಟಿ ಕಿತ್ತು ಕಿಸೆಯಲ್ಲಿಟ್ಟುಕೊಂಡು ಹೋಗಿ ಅದೇ ನೂಲು ತರುತ್ತಿದ್ದರು.

“ನವಿಲ ಚೀಟಿ ತೋರಿಸ್ತೇನಿ. ಅದಕ್ಕೇನೀಗ?”

“ಎಷ್ಟು ಚೀಟಿ ಒಯ್ತೀರಿ?”

“ಎಷ್ಟಂದ್ರ? ಒಂದು.”

“ಹನ್ನೆರಡು ನವಿಲ ಸಾಲು ಹಚ್ಚಿ ಒಯ್ದ್ರ ಸಾವಕಾರ್ರು ಏನಂತಾರ?”

ನನ್ನ ಕಣ್ಣು ಪಟ್ಟಿಯ ಹನ್ನೆರಡು ಕೊಡಗಳ ಮೇಲೆ ಹೋಯಿತು.

“ನೀವು ದಡಿ ನೇಯ್ದೀರಿ. ಆ ಕೂಸು ದಡಿ ನೋಡಿ, ಛಂದ ಐತಿ ಅಂತ ತಲಿಗೆ ಸುತ್ತಿಕೊಂಡ್ತು. ಅದರ ತಪ್ಪೇನ್ರಿ? ಅಕಿಗೆ ಚೀಟಿ ಬೇಕು. ಕೈಯಾಗ ಹಿಡಿಯಾಕ ಬರ್ಬೇಕು, ನಮ್ಮ ಕೈಯಾಗ ಕೊಡಾಕ ಬರ್ಬೇಕು.” ಹೀಗೆಂದು ಕತ್ತರಿ ತಂದು ಪಟ್ಟಿಯ ಪಕ್ಕ ಇಟ್ಟಳು.

ಮಗ್ಗದಿಂದ ಇಳಿದ ಹೊಸ ಅರಿವೆಗೆ ನೇಕಾರನ ಮನೆಯಲ್ಲಿ ಕತ್ತರಿ ಹಾಕುವುದಿಲ್ಲ. ತಗೊಂಡವರು ಏನಾದರೂ ಮಾಡಿಕೊಳ್ಳಲಿ, ನೇಯ್ದವನು ಕತ್ತರಿಸಬಾರದು. ಅಪ್ಪ ಹರಿದ ಪಂಚೆಯನ್ನೂ ಕತ್ತರಿಸಲು ಬಿಡುತ್ತಿರಲಿಲ್ಲ. ಅದೂ ಅಮಾವಾಸ್ಯೆ. ಅಷ್ಟು ನಸುಕುಗಳ ಕೆಲಸ ಅದು, ಒಂದು ಎಳೆ ತಪ್ಪಿರಲಿಲ್ಲ. ಕತ್ತರಿಯನ್ನು ಬೆರಳಿಗೆ ಹಾಕಿಕೊಂಡು ಎಷ್ಟೋ ಹೊತ್ತು ಕೂತೆ. ಕಂಬದ ಹತ್ತಿರ ಕೂಸು ಬಿಕ್ಕುತ್ತಿತ್ತು. ಕಟ್ ಅಂತ ಒಂದು ಕೊಡವನ್ನು ಕತ್ತರಿಸಿದೆ.

ಹೆಂಡತಿ ಆ ಕೊಡವನ್ನು ಮಗಳ ಕೈಗೆ ಕೊಟ್ಟು, ನೀರು ತುಂಬಿದ ತಂಬಿಗೆಯನ್ನು ಎದುರಿಗೆ ಇಟ್ಟು, ತನ್ನ ಅಂಗೈ ಚಾಚಿದಳು. ಏನನ್ನೂ ಕೇಳಲಿಲ್ಲ. ಕೂಸು ತಂಬಿಗೆಗೆ ಕೈ ಚಾಚಿತು. ಕೈಯಲ್ಲಿದ್ದ ತುಂಡು ಅಂಗೈಯಲ್ಲಿ ಬಿತ್ತು. “ನೀರು!” ಅಂದು ಹೆಂಡತಿ ಆ ಕ್ಷಣವೇ ನೀರು ಕುಡಿಸಿದಳು. ತುಂಡು ಮತ್ತೆ ಕೂಸಿನ ಕೈಗೆ. ಮತ್ತೆ ಅಂಗೈ. ಮತ್ತೆ ನೀರು. ನಾಲ್ಕನೆಯ ಸಲ ಅಂಗೈ ಚಾಚಿರಲಿಲ್ಲ. ಕೂಸು ಹೆಂಡತಿಯ ಕೈಯನ್ನು ತಾನೇ ಎಳೆದು, ಬೆರಳು ಬಿಡಿಸಿ, ತುಂಡನ್ನು ಇಟ್ಟು, ಮುಖ ನೋಡಿತು.

ಆ ನೋಟ ನಾನು ಮರೆತಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಮಗಳು ಕೇಳಿದ್ದಳು, ಮತ್ತು ಸಿಗುತ್ತದೆ ಎಂದು ಕಾದು ನಿಂತಿದ್ದಳು. ಆ ಮಧ್ಯಾಹ್ನ ನೀರು ಕೇಳಿ ಕೇಳಿ ಕುಡಿದು ಪಡಸಾಲೆಯೆಲ್ಲ ಒದ್ದೆ ಮಾಡಿದಳು. ಒರೆಸಿದವನು ನಾನು. ಅಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಉಳಿದದ್ದನ್ನೆಲ್ಲ ಅಂದೇ ಕತ್ತರಿಸಿದೆ. ತುಂಡುಗಳ ಅಂಚು ಬಿಚ್ಚದಂತೆ ಹೆಂಡತಿ ಹೊಲಿದಳು. ಮುಂದೆ ಬೇಕಾದ ಹೊಸ ಚಿತ್ರಗಳನ್ನು ಸೂಜಿಯಲ್ಲೇ ತೆಗೆದಳು. ಕಸೂತಿಯಲ್ಲಿ ಗಂಟು ಬರುವುದಿಲ್ಲ, ಹಿಂದೂ ಮುಂದೂ ಒಂದೇ ಚಿತ್ರ. ಕೂಸು ಯಾವ ಮಗ್ಗುಲು ಕೊಟ್ಟರೂ ತಿಳಿಯುತ್ತದೆ. ನನ್ನ ನೇಯ್ಗೆಗೆ ಆ ಗುಣ ಇಲ್ಲ, ಒಪ್ಪಬೇಕಾದ್ದೇ. ಎಲ್ಲವನ್ನೂ ಒಂದು ಸಣ್ಣ ಚೀಲಕ್ಕೆ ತುಂಬಿ ಮಗಳ ಕೊರಳಿಗೆ ಹಾಕಿದೆವು. ಹೆಂಡತಿಯ ಕಾನೂನು ಒಂದೇ: “ಕೈಯಾಗ ಇಟ್ಟಳಂದ್ರ ಕೊಡ್ಬೇಕು. ಇದೇನು ಅದೇನು ಅಂತ ಪರೀಕ್ಷಾ ಮಾಡಾಕ ಹೋಗಬ್ಯಾಡ್ರಿ.” ಬೆಲ್ಲದ ತುಂಡು ವಾರದೊಳಗೆ ಮಾಸಿ ಕರ್ರಗಾಯಿತು. ಕೈ ಕಡಿದುಕೊಳ್ಳುವುದು ನಿಂತಿತು.

ಅಣ್ಣ ಎಲ್ಲ ನೋಡುತ್ತಿದ್ದ. “ಬೆಲ್ಲ ತೋರಿಸಿದ್ರ ಗಿಳೀನೂ ಕಲೀತೈತಿ. ತಿಳುವಳಿಕಿ ಅಂದ್ರ ಬ್ಯಾರೆಲೇ,” ಅಂದ. ಹಗ್ಗ ಹಾಗೇ ಉಳಿಯಿತು.

ಒಂದು ಸಂಜೆ ಹೆಂಡತಿ ಹೊಸ ತುಂಡಿಗೆ ನೂಲು ಕೇಳಿದಳು. ಬಟ್ಟೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದಿದ್ದಳು: ಒಂದು ಕಂಬ, ಅದರಿಂದ ದೂರ ನಿಂತ ಒಂದು ಕೂಸು. ನೋಡಿದ ಕೂಡಲೆ ತಿಳಿಯಿತು.

“ಇದು ಬ್ಯಾಡ,” ಅಂದೆ. “ಇದನ್ನ ಮಾಡಿ ಕೊಟ್ರ, ಅಕಿ ಕೇಳಿದಾಗ ಹಗ್ಗ ಬಿಚ್ಚಬೇಕಾಗ್ತೈತಿ.”

“ಹೌದ್ರಿ. ಬಿಚ್ಚಬೇಕಾಗ್ತೈತಿ.”

“ಬಾವಿ?”

ಆಕೆ ಸೂಜಿ ಕೆಳಗಿಟ್ಟಳು. “ಆವತ್ತು ಮುಂಜಾನಿಂದ ನಾವೆಲ್ಲಾರೂ ಹಾಸಿನ ಹಿಂದ ಇದ್ವಿ. ಅಕಿಗೆ ಯಾರರ ನೀರು ಕೊಟ್ಟಿದ್ರೇನು? ನೀರಡಿಸಿ ಹೋಗಿದ್ಳು ಬಾವಿಗೆ. ಈಗ ಅಕಿಗೆ ಕೇಳಾಕ ಬರ್ತೈತಿ, ಬಾವಿ ಯಾಕ ಬೇಕು?”

ಇಷ್ಟು ದಿನ ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಎದ್ದು ಹೋಗಿ ಕೆಂಪು ರೇಷ್ಮೆ ಎಳೆ ತಂದು ಕೊಟ್ಟೆ.

ಅಣ್ಣ ಮನೆಯಲ್ಲಿ ಇಲ್ಲದಾಗ ಮಗಳಿಗೆ ಕಲಿಸಿದೆವು. ತುಂಡು ಕೈಯಲ್ಲಿಟ್ಟರೆ ಹಗ್ಗ ಬಿಚ್ಚುವುದು. ಎರಡೇ ದಿನಕ್ಕೆ ಬಂತು. ಆದರೆ ಬಾಗಿಲು ಹಾಕಿಕೊಂಡು ಬಿಚ್ಚುವುದು ಯಾವ ಬಿಚ್ಚುವುದು? ಅಣ್ಣನಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಮುಂದಿನ ಹಾಸು ಬಂತು. ಮುಂಜಾನೆಯೇ ಅಣ್ಣ, “ಇವತ್ತು ಕೂಸಿನ್ನ ಬಿಗಿಯಾಗಿ ಕಟ್ಟಲೇ,” ಅಂದ. ಮನೆಯ ಮುಂದಿನ ಕಟ್ಟೆಯ ಕಂಬಕ್ಕೆ ಕಟ್ಟಿದೆ. ಓಣಿಯ ಉದ್ದಕ್ಕೂ ಎಳೆಗಳು ಬಿಗಿದು ನಿಂತವು. ನಾನು ಆ ತುದಿಯಲ್ಲಿ ಹಾಸು ಹಿಡಿದಿದ್ದೆ, ಬಿಟ್ಟು ಬರುವ ಹಾಗಿಲ್ಲ. ಅಣ್ಣ ಒಂದು ಸುತ್ತು ಗಂಜಿ ಹಚ್ಚಿ, ಬೆವರು ಒರೆಸಿಕೊಳ್ಳುತ್ತ ಕಟ್ಟೆಯ ಮೇಲೆ ಕೂತ. ಮಗಳು ಚೀಲದೊಳಗೆ ಕೈ ಹಾಕಿ ಹುಡುಕಿ, ಒಂದು ತುಂಡು ತೆಗೆದು ಅವನ ಅಂಗೈಯಲ್ಲಿಟ್ಟಳು. ಕೆಂಪು ರೇಷ್ಮೆ ನನಗೆ ಅಷ್ಟು ದೂರದಿಂದಲೇ ಕಂಡಿತು.

“ಇದೇನಲೇ ತಮ್ಮಾ?” ಅಣ್ಣ ಕೂಗಿದ.

“ನನ್ನ ಕೇಳಬ್ಯಾಡಣ್ಣಾ. ಅಕಿ ನಿನ್ನ ಕೇಳಾಕ ಹತ್ಯಾಳ.”

ಅವನು ಆಟವೆಂದು ತಿಳಿದು ತುಂಡನ್ನು ಆಕೆಯ ಮಡಿಲಿಗೆ ಹಾಕಿದ. ಆಕೆ ಮತ್ತೆ ಇಟ್ಟಳು. ಅವನು ಮುಖ ತಿರುಗಿಸಿದ. ಆಕೆ ಅವನ ಧೋತರ ಜಗ್ಗಿ ಮೂರನೆಯ ಸಲ ಇಟ್ಟಳು. ಆಮೇಲೆ ನಾವು ಕಲಿಸದ್ದೊಂದು ಮಾಡಿದಳು: ಅವನ ತೋರುಬೆರಳು ಹಿಡಿದು ಸೊಂಟದ ಗಂಟಿನ ಮೇಲೆ ಇಟ್ಟಳು.

ಎಳೆ ಬಿಡಿಸುತ್ತಿದ್ದವರ ಕೈಗಳೆಲ್ಲ ನಿಂತವು. ತನ್ನ ಬಾಗಿಲಲ್ಲಿ ನಿಂತಿದ್ದ ಬೂಬಮ್ಮ, “ಯಜಮಾನ್ರ, ಅರ್ಜಿ ಬಂದೈತಿ. ಹುಕುಂ ಏನ್ರಿ?” ಅಂದಳು. ಓಣಿ ನಕ್ಕಿತು. ಅಣ್ಣ ನಗಲಿಲ್ಲ. ತುಂಡನ್ನು ಕಣ್ಣಿಗೆ ಹತ್ತಿರ ಹಿಡಿದ. ಕಂಬ ನೋಡಿದ, ಚಿತ್ರದ ಕೂಸು ನೋಡಿದ, ಎದುರಿನ ಕೂಸು ನೋಡಿದ.

ಗಂಜಿ ಮೆತ್ತಿದ ಬೆರಳು, ಗಂಟು ಜಾರುತ್ತಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದ.

ಆಕೆ ಕಟ್ಟೆ ಇಳಿದಳು. ನೇರ ಹಾಸಿನ ಕಡೆ ಬಂದಳು. ಅಣ್ಣ ಅರ್ಧ ಎದ್ದ. ನಾನು ಹಾಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಎಳೆಗಳಿಗೆ ಒಂದು ಗೇಣು ಇರುವಾಗ ಆಕೆ ನಿಂತಳು. ಹಾಸಿನ ಪಕ್ಕ ಹಿಡಿದು ನಡೆದಳು, ಒಂದು ಎಳೆಯನ್ನೂ ಮುಟ್ಟದೆ, ನಾನಿರುವ ತುದಿಯವರೆಗೆ. ನನ್ನ ಮೊಣಕಾಲಿಗೆ ಕೈ ತಾಗಿಸಿ ನಕ್ಕು, ಬಂದ ದಾರಿಯಲ್ಲೇ ತಿರುಗಿ ಹೋದಳು. ಬಾವಿ ನನ್ನ ಬೆನ್ನ ಹಿಂದೆಯೇ ಇತ್ತು. ಆ ಕಡೆ ಕಣ್ಣೂ ಹಾಯಿಸಲಿಲ್ಲ. ಕಟ್ಟೆಗೆ ಹೋಗಿ, ಚೀಲದಿಂದ ಕೊಡದ ತುಂಡು ತೆಗೆದು, ದೊಡ್ಡಪ್ಪನ ಕೈಯಲ್ಲಿಟ್ಟಳು.

ನನ್ನ ಅಣ್ಣ ಹುಟ್ಟಿದ ಮೇಲೆ ಯಾರಿಗೂ ನೀರು ತಂದುಕೊಟ್ಟವನಲ್ಲ, ಕೂತಲ್ಲಿಗೆ ತರಿಸಿಕೊಂಡವನು. ಅವನು ಎದ್ದು ಒಳಗೆ ಹೋಗಿ ತಂಬಿಗೆ ತುಂಬಿ ತಂದು, ಮೊಣಕಾಲೂರಿ ಕುಡಿಸಿದ. ಆಕೆ ಕುಡಿದು ಮುಗಿಸುವವರೆಗೆ ಓಣಿಯಲ್ಲಿ ಯಾರೂ ಕೆಲಸಕ್ಕೆ ಕೈ ಹಚ್ಚಲಿಲ್ಲ. ಗಂಜಿ ಒಣಗಿ ಆ ಹಾಸು ಅರ್ಧ ಕೆಟ್ಟಿತು. ಅಣ್ಣ ಒಂದು ಮಾತೂ ಬೈಯಲಿಲ್ಲ.

“ತಿಳುವಳಿಕಿ ನನಗ ಇರಲಿಲ್ಲಲೇ ತಮ್ಮಾ,” ಅಂದವನು ಹಗ್ಗವನ್ನು ಕಂಬದಿಂದ ತೆಗೆದು ಒಲೆಗೆ ಹಾಕಿದ. ಅಷ್ಟು ಮೆತ್ತನೆಯ ಹಗ್ಗ ಸುಟ್ಟದ್ದಕ್ಕೆ ನನಗೆ ಒಂದಿಷ್ಟೂ ಕೆಡುಕೆನಿಸಲಿಲ್ಲ.

ಆ ಚಳಿಗಾಲ ನೂಲು ತರಲು ಬಾಗಲಕೋಟೆಗೆ ಗಾಡಿ ಹೂಡಿದಾಗ, ಕೂಸು ಬರಲೇಬೇಕೆಂದು ಹಟ ಹಿಡಿದವನು ಅಣ್ಣ. ಹುನಗುಂದದಲ್ಲಿ ಎತ್ತು ಬಿಟ್ಟು ಮರದ ಕೆಳಗೆ ಬುತ್ತಿ ಬಿಚ್ಚಿದೆವು. ನಾವು ಎತ್ತಿಗೆ ಮೇವು ಹಾಕಿ ತಿರುಗುವುದರೊಳಗೆ ಮಗಳು ಇರಲಿಲ್ಲ. ರಸ್ತೆಯ ಆಚೆ ಬುಟ್ಟಿಯಲ್ಲಿ ಪೇರಲ ಹಣ್ಣು ಇಟ್ಟುಕೊಂಡು ಕೂತಿದ್ದ ಒಬ್ಬ ಹೆಣ್ಣುಮಗಳ ಎದುರು ನಿಂತಿದ್ದಳು. ಚೀಲ ಹುಡುಕಿದಳು, ಪೇರಲದ ಚಿತ್ರ ನಾವು ಮಾಡಿಕೊಟ್ಟಿರಲಿಲ್ಲ. ನಾನು ಹೊರಟೆ. ಅಣ್ಣ ನನ್ನ ರಟ್ಟೆ ಹಿಡಿದ. “ತಡೀಲೇ. ಏನ್ ಮಾಡ್ತಾಳ ನೋಡೂಣು.”

ಮಗಳು ಕುಕ್ಕರಗಾಲಲ್ಲಿ ಕೂತು, ಮಣ್ಣಿನಲ್ಲಿ ಬೆರಳಿನಿಂದ ಒಂದು ದುಂಡು ತೆಗೆದಳು. ಅದರ ನೆತ್ತಿಗೆ ಸಣ್ಣ ತೊಟ್ಟು ಎಳೆದಳು. ಹಣ್ಣಿನವಳ ಕೈಹಿಡಿದು ಆ ಚಿತ್ರದ ಮೇಲೆ ಇಟ್ಟಳು. ನಾವು ಓಡಿ ಹತ್ತಿರ ಹೋದೆವು.

ನಮ್ಮ ಗುರುತಿಲ್ಲದ, ನಮ್ಮ ಮನೆಯ ಕಾನೂನು ಗೊತ್ತಿಲ್ಲದ ಆ ಹೆಣ್ಣುಮಗಳು ಬಗ್ಗಿ ನೋಡಿ ನಕ್ಕಳು. “ಪೇರಲ ಬೇಕೇನವ್ವಾ? ಒಂದ ಸಾಕೋ, ಎರಡ ಬೇಕೋ?”

ಮಗಳು ಯೋಚಿಸಿ, ಮೊದಲಿನದರ ಪಕ್ಕ ಇನ್ನೊಂದು ದುಂಡು ತೆಗೆದಳು.

“ಅಯ್ಯ, ಎಂಥಾ ಶಾಣ್ಯಾ ಕೂಸಿದು! ಯಾರದ್ರಿ ಇದು?”

ನಾನು ಬಾಯಿ ತೆರೆಯುವುದರೊಳಗೆ, ಇಡೀ ಹುನಗುಂದಕ್ಕೆ ಕೇಳುವ ಹಾಗೆ ಅಣ್ಣ ಕೂಗಿದ:

“ನಮ್ಮದ!”